ಆಪ್-ಆಂಪ್ ವರ್ಧಕವೂ ಅದರ ಲೆಕ್ಕವೂ

(ಲೇಖಕ: ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ವಿದ್ಯುತ್ ವರ್ಧಕದ ಗೊಡವೆ ಏಕೆಂದು ವಾಚಕ ಮಿತ್ರರು ಹುಬ್ಬೇರಿಸಬಹುದು. ಪ್ರಶ್ನೆ ನ್ಯಾಯವಾದುದೇ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದ ಗಂಡಾಂತರದಿಂದ ಹೇಗೋ ಪಾರಾಗಿ, ಇನ್ನು ಅದರ ಮುಖ ನೋಡಬೇಕಾಗಿಲ್ಲವೆಂದು ನಿಟ್ಟುಸಿರಿಟ್ಟು ಕಲಾ ವಿಭಾಗಕ್ಕೆ ಬಂದವನು ನಾನು. ಆದರೆ ನಾನು ಬಿಟ್ಟರೂ ಗಣಿತ ನನ್ನನ್ನು ಬಿಡಲಿಲ್ಲ. ಒಂದೇ ಒಂದನ್ನು ಕೂಡಿಸಲು ಮರೆತ ತಪ್ಪಿಗಾಗಿ ಕಳೆದ ವರ್ಷ ನಮ್ಮ ಮನೆಯ ಒಂದು ಬ್ಯಾರನ್ ಹೊಗೆಸೊಪ್ಪು ಕೆಟ್ಟುಹೋಯಿತು. ಆ ತಪ್ಪಿನ ಬೇರನ್ನು ಹುಡುಕುತ್ತ ಹೋದಾಗ ತಿಳಿದುಕೊಂಡ ಸಂಗತಿಗಳನ್ನು, ನನ್ನಂತೆಯೇ ಗಣಿತಕ್ಕೆ ಹೆದರುವವರಿಗೂ ಅರ್ಥವಾಗುವಂತೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಪ್ರಸಂಗ

ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಂದೆಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ತಾಯಿಯವರು ಅಷ್ಟೂ ಇಲ್ಲ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಕಡೆಯ ಅನೇಕರಂತೆ ನಾವೂ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹಾಕುವವರು. ಅಲ್ಲಿ ಬೆಲೆ ನಿಲ್ಲುವುದು ಎಲೆಯ ಬಣ್ಣದ ಮೇಲೆ. ಬಣ್ಣ ನಿಲ್ಲುವುದು ಬ್ಯಾರನ್ನಿನ ಶಾಖದ ಮೇಲೆ. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ಒಲೆಯ ಬಿಸಿಯನ್ನು ತಗಡಿನ ಕೊಳವೆಗಳಲ್ಲಿ ಹಾಯಿಸಿ, ಕೆಲವು ದಿನ ಹಗಲಿರುಳೂ ಕಾದು ಹದಗೊಳಿಸಬೇಕು. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು; ಅನಂತರ ಮೆಲ್ಲಮೆಲ್ಲನೆ 50 ದಾಟಿಸಿ ಎಲೆಯನ್ನು ಒಣಗಿಸಬೇಕು; ಕಡೆಗೆ 70ರ ಹತ್ತಿರ ನಡುದಂಟು ಒಣಗಬೇಕು. ಹಳದಿಯಾದ ಎಲೆಯ ತೇವ ತಕ್ಕ ಹೊತ್ತಿಗೆ ಹೊರಗೆ ಹೋಗದಿದ್ದರೆ ಬಂಗಾರದ ಬಣ್ಣ ಕಂದಾಗುತ್ತದೆ. ಕಂದಾದ ಎಲೆಯನ್ನು ಮತ್ತೆ ಹಳದಿ ಮಾಡುವ ವಿದ್ಯೆ ಯಾರಲ್ಲಿಯೂ ಇಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಬ್ಯಾರನ್ನಿನ ಥರ್ಮಾಮೀಟರು ಒಡೆಯಿತು. ತಂದೆಯವರಿಗೆ ಮಂಡಿನೋವು; ರಾತ್ರಿ ನಾಲ್ಕು ಸಲ ಕೆಸರಿನಲ್ಲಿ ನಡೆದುಹೋಗಿ ಟಾರ್ಚು ಬಿಟ್ಟು ನೋಡುವುದು ಕಷ್ಟವಾಗಿತ್ತು. ಮನೆಯ ಪಡಸಾಲೆಯಲ್ಲಿ ಕುಳಿತೇ ಶಾಖವನ್ನು ನೋಡುವ ಹಾಗೆ ಒಂದು ಉಪಕರಣ ಮಾಡಿಕೊಡುತ್ತೇನೆಂದು ನಾನು ಜಂಬದಿಂದ ಹೇಳಿದೆ. ಹೊಳೆನರಸೀಪುರದಲ್ಲಿ ನನ್ನ ಸೋದರಮಾವನವರ ರೇಡಿಯೋ ಮತ್ತು ಟಿ.ವಿ. ರಿಪೇರಿ ಅಂಗಡಿಯಿದೆ, ಜಾತ್ರೆ, ಮದುವೆಗಳಿಗೆ ಮೈಕ್‌ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಾರೆ. ರಜೆಗಳಲ್ಲಿ ಅಲ್ಲಿ ಕುಳಿತು ಬೆಸುಗೆ ಹಾಕುವುದನ್ನು ಕಲಿತಿದ್ದೆ. ಅಷ್ಟೇ ನನ್ನ ವಿದ್ಯೆ. ಅಷ್ಟಕ್ಕೆ ಆ ಜಂಬ!

ಉಪಕರಣದ ಉಪಾಯ ಸರಳವಾದುದು. ಎಲ್‌ಎಂ 35 ಎಂಬ ಮೂರು ಕಾಲಿನ ಒಂದು ಸಣ್ಣ ಐಸಿ ದೊರೆಯುತ್ತದೆ. ಅದು ಪ್ರತಿ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ 10 ಮಿಲಿವೋಲ್ಟಿನಂತೆ ಕೊಡುತ್ತದೆ. 60 ಡಿಗ್ರಿಗೆ 600 ಮಿಲಿವೋಲ್ಟು, ಎಂದರೆ 0.6 ವೋಲ್ಟು. ಮಾವನವರ ಅಂಗಡಿಯಲ್ಲಿ ಸೊನ್ನೆಯಿಂದ 10 ವೋಲ್ಟಿನವರೆಗೆ ತೋರಿಸುವ ಹಳೆಯ ಮುಳ್ಳಿನ ಮೀಟರೊಂದಿತ್ತು. 0.6 ವೋಲ್ಟಿಗೆ ಅದರ ಮುಳ್ಳು ಮಿಸುಕಾಡುವುದೇ ಕಷ್ಟ. ಅದನ್ನು ಹತ್ತು ಪಟ್ಟು ಮಾಡಿ 6 ವೋಲ್ಟಾಗಿಸಿದರೆ ಮುಳ್ಳು 6ರ ಮೇಲೆ ನಿಲ್ಲುತ್ತದೆ. ನಾವು 60 ಎಂದು ಓದಿಕೊಳ್ಳಬಹುದು. ಹತ್ತು ಪಟ್ಟು ಮಾಡುವ ಆ ಕೆಲಸವೇ ವರ್ಧಕದ್ದು.

ಆಪ್-ಆಂಪ್ ಎಂದರೇನು?

ವರ್ಧಕದಿಂದ ಹೊರಬರುವ ವೋಲ್ಟೇಜನ್ನು ಒಳಹೋಗುವ ವೋಲ್ಟೇಜಿನಿಂದ ಭಾಗಿಸಿದರೆ ಬರುವುದೇ ಅದರ ವರ್ಧನೆ. ಅಂಗಡಿಗಳಲ್ಲಿ ಇದನ್ನು ಗೇನ್ ಎನ್ನುತ್ತಾರೆ. ವರ್ಧಕಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಆಪರೇಷನಲ್ ಆಂಪ್ಲಿಫೈಯರ್, ಸಂಕ್ಷೇಪವಾಗಿ ಆಪ್-ಆಂಪ್, ಬಹಳ ಉಪಕಾರಿಯಾದುದು. ಈ ಹೆಸರನ್ನು 1947ರಲ್ಲಿ ಅಮೆರಿಕದ ಜಾನ್ ರಗಾಝಿನಿ ಮತ್ತು ಅವರ ಸಂಗಡಿಗರು ಪ್ರಬಂಧವೊಂದರಲ್ಲಿ ಬಳಕೆಗೆ ತಂದರು. ಕೂಡುವುದು, ಕಳೆಯುವುದು ಮುಂತಾದ ಗಣಿತದ ಕ್ರಿಯೆಗಳನ್ನು ವೋಲ್ಟೇಜುಗಳ ಮೂಲಕ ಮಾಡುವ ಯಂತ್ರಗಳಲ್ಲಿ ಇದನ್ನು ಬಳಸುತ್ತಿದ್ದುದರಿಂದ ಈ ಹೆಸರು. ಆಗ ಇದು ಗಾಜಿನ ವಾಲ್ವುಗಳ ದೊಡ್ಡ ಸಂಸಾರ. 1968ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಡೇವ್ ಫುಲ್ಲಗರ್ ರೂಪಿಸಿದ 741 ಎಂಬ ಐಸಿ ಅದನ್ನು ಎಂಟು ಕಾಲಿನ ಒಂದು ಕರಿಯ ಜಿರಲೆಯಷ್ಟಕ್ಕೆ ಇಳಿಸಿತು. ಅದು ಇಂದಿಗೂ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಸಿಕ್ಕುತ್ತದೆ.

ಇದಕ್ಕೆ ಎರಡು ಒಳದಾರಿಗಳು, ಒಂದು ಹೊರದಾರಿ. ಒಳದಾರಿಗಳಲ್ಲಿ ಒಂದಕ್ಕೆ ಧನ, ಮತ್ತೊಂದಕ್ಕೆ ಋಣ ಎಂದು ಹೆಸರು. ಧನದ ವೋಲ್ಟೇಜಿನಿಂದ ಋಣದ ವೋಲ್ಟೇಜನ್ನು ಕಳೆದು, ಉಳಿದ ಅಂತರವನ್ನು ಬಹುದೊಡ್ಡ ಸಂಖ್ಯೆಯಿಂದ ಗುಣಿಸಿ ಹೊರಗೆ ಕೊಡುವುದೇ ಇದರ ಧರ್ಮ. 741ರಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 2,00,000. ಎರಡು ಲಕ್ಷ ಪಟ್ಟು! ನನಗೆ ಬೇಕಾದುದು ಹತ್ತು ಪಟ್ಟು ಮಾತ್ರ. ಅದೂ ಅಲ್ಲದೆ, ಈ ಎರಡು ಲಕ್ಷವೆಂಬುದು ಐಸಿಯಿಂದ ಐಸಿಗೆ, ಬಿಸಿಲಿನಿಂದ ಚಳಿಗೆ ಬದಲಾಗುತ್ತ ಹೋಗುತ್ತದೆ. ಇಂಥ ಮದ್ದಾನೆಯನ್ನು ಕಟ್ಟಿಹಾಕಿ ಹತ್ತು ಸೇರು ರಾಗಿಯನ್ನು ಸರಿಯಾಗಿ ಅಳೆಸುವುದು ಹೇಗೆ?

ನೀರುಗಂಟಿಯ ಉಪಾಯ

ಕೆರೆ ಬಯಲಿನವರಿಗೆ ನೀರುಗಂಟಿಯ ಕೆಲಸ ಗೊತ್ತಿದೆ. ಕೆರೆಯಲ್ಲಿ ನೀರು ಬೇಕಾದಷ್ಟಿದೆ. ತೂಬನ್ನು ಪೂರ್ತಿ ಎತ್ತಿದರೆ ಬಯಲೇ ಮುಳುಗುತ್ತದೆ. ನೀರುಗಂಟಿ ಗದ್ದೆಯ ನೀರಿನ ಮಟ್ಟವನ್ನು ನೋಡುತ್ತಾನೆ. ಹೆಚ್ಚಾದರೆ ತೂಬನ್ನು ಇಳಿಸುತ್ತಾನೆ, ಕಡಿಮೆಯಾದರೆ ಎತ್ತುತ್ತಾನೆ. ಕೆರೆ ತುಂಬಿರಲಿ, ಅರ್ಧವಿರಲಿ, ಗದ್ದೆಯ ಮಟ್ಟ ಒಂದೇ ಆಗಿರುತ್ತದೆ.

ಹೊರಬಂದುದರ ಒಂದು ಪಾಲನ್ನು ಹಿಂದಕ್ಕೆ ತಂದು ಒಳಬರುವುದಕ್ಕೆ ಎದುರಾಗಿ ನಿಲ್ಲಿಸುವ ಈ ಉಪಾಯವನ್ನು ವಿದ್ಯುತ್ತಿಗೆ ಅನ್ವಯಿಸಿದವರು ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರಂದು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತ ಕೆಲಸಕ್ಕೆ ಹೋಗುತ್ತಿದ್ದಾಗ ಇದು ಅವರಿಗೆ ಹೊಳೆಯಿತಂತೆ. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಸೂತ್ರವನ್ನು ಬರೆದುಕೊಂಡರು. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಬೇಕೆಂದೇ ಕಳೆದುಕೊಳ್ಳುವ ಈ ಮಾತು ಆಗಿನವರಿಗೆ ವಿಚಿತ್ರವಾಗಿ ತೋರಿತು. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟು ದೊರೆತದ್ದು 1937ರಲ್ಲಿ. ಇಂಗ್ಲಿಷಿನಲ್ಲಿ ಇದನ್ನು ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾನು ಮರಳಿಕೆ ಎಂದು ಕರೆಯುತ್ತೇನೆ.

ಎರಡು ನಿಯಮಗಳು

ಹೊರವೋಲ್ಟೇಜು 10 ಆಗಿದ್ದರೆ ಎರಡು ಒಳದಾರಿಗಳ ನಡುವಣ ಅಂತರ ಎಷ್ಟಿರಬೇಕು? 10ನ್ನು 2,00,000ದಿಂದ ಭಾಗಿಸಿ: ವೋಲ್ಟಿನ ಹತ್ತು ಲಕ್ಷದಲ್ಲಿ 50 ಭಾಗ. ಅದು ಇಲ್ಲವೆಂದೇ ಎಣಿಸಬಹುದಾದಷ್ಟು ಅಲ್ಪ. ಆದ್ದರಿಂದ ಮೊದಲನೆಯ ನಿಯಮ: ಮರಳಿಕೆಯಿರುವಾಗ ಎರಡು ಒಳದಾರಿಗಳ ವೋಲ್ಟೇಜು ಸಮ. ಎರಡನೆಯ ನಿಯಮ: ಒಳದಾರಿಗಳೊಳಕ್ಕೆ ವಿದ್ಯುತ್ತು ಹರಿಯುವುದಿಲ್ಲ, ನಿಜವಾಗಿ ಅತ್ಯಲ್ಪ ಹರಿಯುತ್ತದೆ, ನಮ್ಮ ಲೆಕ್ಕಕ್ಕೆ ಬೇಡ. ಈ ಎರಡನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲವೂ ಐದನೆಯ ತರಗತಿಯ ಭಾಗಾಕಾರ.

ಲೆಕ್ಕಕ್ಕೆ ಹೆಸರುಗಳು ಬೇಕು. ಒಳಬರುವ ವೋಲ್ಟೇಜು ಒ, ಹೊರಬರುವುದು ಹ, ಮೊದಲನೆಯ ರೆಸಿಸ್ಟರ್ ಕ, ಹೊರದಾರಿಯಿಂದ ಋಣದಾರಿಗೆ ಹಿಂದಕ್ಕೆ ಕಟ್ಟಿದ ಮರಳಿಕೆಯ ರೆಸಿಸ್ಟರ್ ಮ.

ಮೊದಲನೆಯ ಜೋಡಣೆ: ತಲೆಕೆಳಗು

ಧನದಾರಿಯನ್ನು ನೆಲಕ್ಕೆ, ಎಂದರೆ ಸೊನ್ನೆ ವೋಲ್ಟಿಗೆ, ಸೇರಿಸಿ. ಒಳವೋಲ್ಟೇಜನ್ನು ಕ ಮೂಲಕ ಋಣದಾರಿಗೆ ಕೊಡಿ. ಮೊದಲನೆಯ ನಿಯಮದಂತೆ ಋಣದಾರಿಯೂ ಸೊನ್ನೆಯಲ್ಲಿಯೇ ನಿಲ್ಲಬೇಕು. ಹಾಗಾದರೆ ಕ ಮೂಲಕ ಹರಿಯುವ ವಿದ್ಯುತ್ತು ಒ ÷ ಕ. ಎರಡನೆಯ ನಿಯಮದಂತೆ ಇದು ಐಸಿಯೊಳಕ್ಕೆ ಹೋಗಲಾರದು. ಪೂರ್ತಿಯಾಗಿ ಮ ಮೂಲಕವೇ ಸಾಗಬೇಕು. ಸೊನ್ನೆಯಿಂದ ಹೊರಟು ಮ ಮೂಲಕ ಹರಿಯಬೇಕಾದರೆ ಹೊರತುದಿ ಸೊನ್ನೆಗಿಂತ ಕೆಳಗಿರಬೇಕು. ಆದ್ದರಿಂದ,

ಹ ÷ ಒ = − (ಮ ÷ ಕ)

ಅಜ್ಜನ ಕಾಲದ ಏತವನ್ನು ನೆನೆಯಿರಿ. ನಡುವೆ ಕೀಲು, ಒಂದು ತುದಿ ಕೆಳಗೆ ಹೋದರೆ ಮತ್ತೊಂದು ಮೇಲೆ. ಕೀಲಿನ ಈಚೆಗೆ ಒಂದು ಮೊಳ, ಆಚೆಗೆ ಹತ್ತು ಮೊಳ ಮರವಿದ್ದರೆ, ಈ ತುದಿಯನ್ನು ಒಂದು ಗೇಣು ಎತ್ತಿದಾಗ ಆ ತುದಿ ಹತ್ತು ಗೇಣು ಇಳಿಯುತ್ತದೆ. ಕೀಲೇ ಸೊನ್ನೆ ವೋಲ್ಟು, ಮೊಳಗಳೇ ರೆಸಿಸ್ಟರುಗಳು, ಇಳಿಯುವುದೇ ಋಣಚಿಹ್ನೆ. ಕ 10 ಸಾವಿರ ಓಮ್, ಮ 1 ಲಕ್ಷ ಓಮ್ ಆದರೆ ವರ್ಧನೆ −10.

ಎರಡನೆಯ ಜೋಡಣೆ: ನೆಟ್ಟಗೆ

ಮೊದಲನೆಯ ಜೋಡಣೆಯಲ್ಲಿ ಮೀಟರಿನ ಮುಳ್ಳು ಹಿಂದಕ್ಕೆ ಓಡುತ್ತದೆ. ಆದ್ದರಿಂದ ನಾನು ಆರಿಸಿಕೊಂಡದ್ದು ಎರಡನೆಯದು. ಇಲ್ಲಿ ಒಳವೋಲ್ಟೇಜು ನೇರವಾಗಿ ಧನದಾರಿಗೆ ಹೋಗುತ್ತದೆ. ಕ ರೆಸಿಸ್ಟರು ಋಣದಾರಿಯಿಂದ ನೆಲಕ್ಕೆ. ಮ ಎಂದಿನಂತೆ ಹೊರದಾರಿಯಿಂದ ಋಣದಾರಿಗೆ. ಹೊರವೋಲ್ಟೇಜು ಮ ಮತ್ತು ಕ ಎರಡರ ಮೇಲೂ ಹಂಚಿಹೋಗುತ್ತದೆ. ಋಣದಾರಿಗೆ ಸಿಕ್ಕುವ ಪಾಲು ಹ × ಕ ÷ (ಕ + ಮ). ಇದು ಒಳವೋಲ್ಟೇಜಿಗೆ ಸಮನಾಗಬೇಕು. ಆದ್ದರಿಂದ,

ಹ ÷ ಒ = (ಕ + ಮ) ÷ ಕ = 1 + (ಮ ÷ ಕ)

ಇದು ಒಂದು ತುದಿಯನ್ನು ನೆಲಕ್ಕೆ ಕೀಲಿಸಿದ ಬಿದಿರಿನ ಗಳುವಿನಂತೆ. ಕೀಲಿನಿಂದ ಒಂದು ಮೊಳದ ಮೇಲೆ ಕೈಯಿಟ್ಟು ಎತ್ತಿದರೆ ಆಚೆಯ ತುದಿಯೂ ಮೇಲಕ್ಕೇ ಏಳುತ್ತದೆ. ಎಷ್ಟು ಪಟ್ಟು? ಕೈಯಿಂದಾಚೆಗಿನ ಉದ್ದವನ್ನಷ್ಟೇ ಎಣಿಸಿದರೆ ತಪ್ಪು. ಕೀಲಿನಿಂದ ತುದಿಯವರೆಗೆ ಇಡೀ ಗಳುವನ್ನು ಎಣಿಸಬೇಕು. ಸೂತ್ರದಲ್ಲಿರುವ ಆ 1 ಎಂಬುದು ಕೀಲಿಗೂ ಕೈಗೂ ನಡುವಣ ಮೊಳ.

ನಾನು ಮರೆತದ್ದು ಆ ಮೊಳವನ್ನೇ. ಹತ್ತು ಪಟ್ಟು ಬೇಕೆಂದು 10 ಸಾವಿರ ಮತ್ತು 1 ಲಕ್ಷ ಓಮ್ ರೆಸಿಸ್ಟರುಗಳನ್ನು ನೆಟ್ಟಗಿನ ಜೋಡಣೆಗೆ ಹಾಕಿದೆ. ವರ್ಧನೆ 10 ಆಗಲಿಲ್ಲ; 1 + 10, ಎಂದರೆ 11 ಆಯಿತು.

ಕೈಯೂ ಮೀಟರೂ

ಅಂಗಡಿಯಲ್ಲಿ ಪರೀಕ್ಷಿಸಿದಾಗ ಮುಳ್ಳು 2.75ರ ಮೇಲೆ ನಿಂತಿತು. ಇಪ್ಪತ್ತೇಳೂವರೆ ಡಿಗ್ರಿ, ಮಧ್ಯಾಹ್ನದ ಸೆಕೆ ಎಂದುಕೊಂಡೆ. ನಿಜವಾಗಿ ಆಗ 25 ಡಿಗ್ರಿ ಇತ್ತು. ಹಳ್ಳಿಗೆ ತಂದು ಬ್ಯಾರನ್ನಿಗೆ ಕಟ್ಟಿದೆ. ಎರಡನೆಯ ರಾತ್ರಿ ತಂದೆಯವರು ಬ್ಯಾರನ್ನಿನ ಬಾಗಿಲು ತೆರೆದು ಒಳಗೆ ಕೈಯೊಡ್ಡಿ ನಿಂತರು. ಬಂದು ಹೇಳಿದರು: "ನಿನ್ನ ಮೀಟರು ನಲವತ್ತೊಂಬತ್ತು ಅಂತದೆ. ನನ್ನ ಕೈ ಒಪ್ಪಲ್ಲ ಕಣ್ಲಾ."

"ಮೀಟರು ಸುಳ್ಳು ಹೇಳಲ್ಲ ಅಪ್ಪ, ನಾನು ಲೆಕ್ಕ ಹಾಕಿದ್ದೀನಿ" ಎಂದೆ.

ಅವರು ಮರುಮಾತಾಡದೆ ಸೌದೆಯನ್ನು ಬದಿಗಿಟ್ಟರು. ಓದಿದ ಮಗನ ಲೆಕ್ಕವೆಂದು ಮೂವತ್ತು ವರ್ಷದ ತಮ್ಮ ಕೈಯನ್ನು ಅವರು ನಂಬದೆ ಹೋದರು. ನಾಲ್ಕು ದಿನದ ಮೇಲೆ ಬಾಗಿಲು ತೆಗೆದಾಗ ಎಲೆಯ ಬಹುಪಾಲು ಕಂದಾಗಿತ್ತು. ಹರಾಜಿನಲ್ಲಿ ಅದು ಕೆಳದರ್ಜೆಗೆ ಹೋಯಿತು. ತಂದೆಯವರು ಬೈಯಲಿಲ್ಲ. ಆ ವರ್ಷದ ನನ್ನ ಹಾಸ್ಟೆಲ್ ಹಣವನ್ನು ಎಂದಿನ ದಿನಕ್ಕೇ ಕೊಟ್ಟರು. ಎಲ್ಲಿಂದ ತಂದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪಕ್ಕದ ಮನೆಯ ಥರ್ಮಾಮೀಟರನ್ನು ಬೇಡಿ ತಂದು ಮೀಟರಿನ ಜೊತೆಗೆ ಹೋಲಿಸಿದೆ. ಅಲ್ಲಿ 36 ಇದ್ದಾಗ ನನ್ನದು ಸುಮಾರು 39 ಮುಕ್ಕಾಲು. ಅಲ್ಲಿ 45 ಇದ್ದಾಗ ನನ್ನದು 49 ಮುಕ್ಕಾಲು. ಇದನ್ನು ಬರೆದುಕೊಂಡು ಹಾಸ್ಟೆಲಿಗೆ ಬಂದೆ. ನನ್ನ ಕೋಣೆಯ ಗೆಳೆಯ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ಮನೆಯವನು, ಬಿ.ಎಸ್‌ಸಿ. ಓದುವವನು. ಚೀಟಿಯನ್ನು ನೋಡಿ ಅವನು ಕೇಳಿದ: "ವ್ಯತ್ಯಾಸ ಎರಡು ಕಡೆಯೂ ಒಂದೇ ಇದೆಯೇನೋ, ಇಲ್ಲ ಬೆಳೀತಾ ಹೋಗಿದೆಯಾ?"

ಬೆಳೆದಿತ್ತು. ಮೊದಲು ಮೂರು ಮುಕ್ಕಾಲು, ಆಮೇಲೆ ನಾಲ್ಕು ಮುಕ್ಕಾಲು. ಭಾಗಿಸಿ ನೋಡಿದರೆ ಎರಡು ಕಡೆಯೂ ಹೆಚ್ಚುಕಡಿಮೆ 1.1. ಇಲ್ಲೊಂದು ಮುಖ್ಯ ಪಾಠವಿದೆ. ದೋಷ ಎಲ್ಲೆಡೆಯೂ ಒಂದೇ ಅಳತೆಯಾಗಿದ್ದರೆ ಅದು ಕೂಡಿಸಿಕೊಂಡ ದೋಷ. 741ರಲ್ಲಿಯೂ ಒಂದೆರಡು ಮಿಲಿವೋಲ್ಟಿನ ಅಂಥ ಹುಟ್ಟುದೋಷವಿರುತ್ತದೆ, ಅದು ಹತ್ತು ಪಟ್ಟಾದರೂ ನಮ್ಮ ಮೀಟರಿನಲ್ಲಿ ಕಾಲು ಡಿಗ್ರಿಯನ್ನು ಮುಟ್ಟುವುದಿಲ್ಲ. ದೋಷ ಅಳತೆಯೊಡನೆ ಬೆಳೆಯುತ್ತ ಹೋದರೆ ಅದು ಗುಣಿಸಿಕೊಂಡ ದೋಷ. ವರ್ಧನೆಯೇ ತಪ್ಪಿದೆಯೆಂದು ಅರ್ಥ. "ಲೋ, ಒಂದನ್ನು ಕೂಡಿಸೋದು ಮರೆತಿದ್ದೀಯ ಕಣೋ" ಎಂದು ಗೆಳೆಯ ನಕ್ಕ. ನನಗೆ ನಗು ಬರಲಿಲ್ಲ.

ತಿದ್ದುಪಡಿ

ವರ್ಧನೆ 10 ಆಗಬೇಕಾದರೆ ಮ ÷ ಕ 9 ಆಗಬೇಕು. ಕ 10 ಸಾವಿರ ಓಮ್ ಆದರೆ ಮ 90 ಸಾವಿರ. ಅಂಗಡಿಯಲ್ಲಿ 90 ಸಾವಿರದ ರೆಸಿಸ್ಟರ್ ಇರಲಿಲ್ಲ. 82 ಸಾವಿರ ಮತ್ತು 8 ಸಾವಿರದ 200 ಇದ್ದವು. ಒಂದರ ಹಿಂದೊಂದನ್ನು ಕಟ್ಟಿದರೆ 90,200. ವರ್ಧನೆ 1 + 9.02 = 10.02. ಅರುವತ್ತು ಡಿಗ್ರಿಗೆ 60.12 ತೋರಿಸುತ್ತದೆ; ಯಾವ ಮುಳ್ಳಿಗೂ ಇದು ಕಾಣದು.

ಆದರೆ ಇಲ್ಲಿ ಮತ್ತೊಂದು ಹೊಂಡವಿದೆ. ಚಿನ್ನದ ಬಣ್ಣದ ಪಟ್ಟೆಯ ರೆಸಿಸ್ಟರುಗಳಲ್ಲಿ ನೂರಕ್ಕೆ 5ರಷ್ಟು ಹೆಚ್ಚುಕಡಿಮೆಯಿರಬಹುದು. ಮ ನೂರಕ್ಕೆ 5 ಹೆಚ್ಚಾಗಿ, ಕ ನೂರಕ್ಕೆ 5 ಕಡಿಮೆಯಾದರೆ 9 ಎಂಬುದು 9.95 ಆಗಿ, ವರ್ಧನೆ 10.95ಕ್ಕೆ ಏರುತ್ತದೆ. ಹಳೆಯ ತಪ್ಪೇ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಂತಾಯಿತು! ನೂರಕ್ಕೆ 1ರ ರೆಸಿಸ್ಟರುಗಳನ್ನು ಹಾಕಿದರೆ ಅತಿ ಕೆಟ್ಟ ಪಕ್ಷದಲ್ಲಿಯೂ 10.18ನ್ನು ಮೀರುವುದಿಲ್ಲ. ಹಾಸನದ ಅಂಗಡಿಯಿಂದ ಅವನ್ನೇ ತಂದು ಹಾಕಿದೆ.

ಎರಡು ಲಕ್ಷವೆಂಬ ಆ ಅಸ್ಥಿರ ಸಂಖ್ಯೆ ಏನಾಯಿತೆಂದು ವಾಚಕರು ಕೇಳಬಹುದು. ಅದನ್ನು ಗ ಎಂದೂ, ಹಿಂದಕ್ಕೆ ಮರಳುವ ಪಾಲನ್ನು ಭ ಎಂದೂ ಕರೆಯೋಣ. ಹ = ಗ × (ಒ − ಭ × ಹ). ಇದನ್ನು ಬಿಡಿಸಿದರೆ ವರ್ಧನೆ = ಗ ÷ (1 + ಗ × ಭ). ಭ ಹತ್ತರಲ್ಲೊಂದು ಪಾಲು. ಗ 2,00,000 ಆದರೆ ವರ್ಧನೆ 9.9995, ಗ ಅರ್ಧಕ್ಕೆ ಇಳಿದು 1,00,000 ಆದರೂ 9.9990. ಕೆರೆ ಅರ್ಧವಾದರೂ ಗದ್ದೆಯ ಮಟ್ಟ ಕದಲಲಿಲ್ಲ. ಐಸಿಯ ಚಂಚಲತೆ ಅಳಿದು, ಎರಡು ರೆಸಿಸ್ಟರುಗಳ ಅನುಪಾತ ಮಾತ್ರ ಉಳಿಯಿತು.

ಮೇರೆಗಳು

ಈ ಸೂತ್ರಗಳಿಗೂ ಮೇರೆಯಿದೆ. ಒಂದು, ಸರಬರಾಜು. ನಾನು 12-0-12 ಟ್ರಾನ್ಸ್‌ಫಾರ್ಮರಿನಿಂದ ಧನ 12, ಋಣ 12 ವೋಲ್ಟು ಮಾಡಿಕೊಂಡಿದ್ದೆ. ಹೊರವೋಲ್ಟೇಜು 10–11ನ್ನು ದಾಟಲಾರದು. ಸೂತ್ರ 20 ವೋಲ್ಟೆಂದರೂ ಬರುವುದಿಲ್ಲ.

ಎರಡು, ವೇಗ. 741ರಲ್ಲಿ ವರ್ಧನೆಯನ್ನೂ ಅದು ತಾಳುವ ಕಂಪನಸಂಖ್ಯೆಯನ್ನೂ ಗುಣಿಸಿದರೆ ಸುಮಾರು 10 ಲಕ್ಷ. ವರ್ಧನೆ 10 ಆದರೆ ಸೆಕೆಂಡಿಗೆ 1 ಲಕ್ಷ ಕಂಪನಗಳವರೆಗೆ ತಾಳುತ್ತದೆ. ಆಮೆಯಂತೆ ಏರುವ ಶಾಖಕ್ಕೆ ಅದು ಬೇಕಾದಷ್ಟು. ಆದರೆ ಮೈಕಿನ ದನಿಯನ್ನು ಒಂದೇ ಏಟಿಗೆ 1000 ಪಟ್ಟು ಮಾಡಹೊರಟರೆ 1000 ಕಂಪನಗಳ ಆಚೆಗೆ ದನಿ ಕುಂದುತ್ತದೆ. ಹರಿಕಥೆಯ ದಾಸರು ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಮಾವನವರ ಉಪಾಯವೆಂದರೆ 32 ಪಟ್ಟಿನ ಎರಡು ಹಂತಗಳನ್ನು ಒಂದರ ಮುಂದೊಂದು ಇಡುವುದು. ವರ್ಧನೆಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ: 32 × 32 = 1024. ಒಂದೊಂದು ಹಂತವೂ 31 ಸಾವಿರ ಕಂಪನಗಳವರೆಗೆ ತಾಳುತ್ತದೆ. ಅವರು ಐ.ಟಿ.ಐ. ಮೆಟ್ಟಿಲನ್ನೂ ಹತ್ತಿದವರಲ್ಲ, ಆದರೂ ಈ ಗುಣಾಕಾರ ಅವರಿಗೆ ಬಾಯಿಪಾಠ.

ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಕ್ಷೀಣ ಸಂಕೇತಗಳನ್ನು ಅಲ್ಲಿಯ ಬೃಹತ್ ಬೋಗುಣಿಗಳು ಹಿಡಿಯುತ್ತವೆ. ಅಲ್ಲಿಯ ಮೊದಲ ವರ್ಧಕಗಳು 741ಕ್ಕಿಂತ ಬಹಳ ಬೇರೆಯಾದ ಜಾತಿಯವು. ಆದರೆ ಹಂತ ಹಂತವಾಗಿ ಗುಣಿಸುವ ನಿಯಮ ಜಾತ್ರೆಯ ಮೈಕ್‌ಸೆಟ್ಟಿಗೂ ಅದಕ್ಕೂ ಒಂದೇ. ಈಗ ಆ ದಾರಿಯಲ್ಲಿ ಹೋಗುವಾಗ ಬೋಗುಣಿಗಳನ್ನು ಕಂಡರೆ ಮೊದಲಿನ ಹಾಗೆ ಪರಕೀಯವೆನಿಸುವುದಿಲ್ಲ.

ಉಪಸಂಹಾರ

ತಿದ್ದಿದ ಮೀಟರನ್ನು ಹಳ್ಳಿಗೆ ಒಯ್ದು, 36, 45, 60 ಡಿಗ್ರಿಗಳಲ್ಲಿ ಥರ್ಮಾಮೀಟರಿನೊಡನೆ ಹೋಲಿಸಿದೆ, ಸರಿಹೊಂದಿತು. ತಂದೆಯವರಿಗೆ ತಪ್ಪನ್ನು ವಿವರಿಸಬೇಕಾಯಿತು. ಅಂಗಳದಲ್ಲಿದ್ದ ಬಿದಿರಿನ ಗಳುವಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಎತ್ತಿ ತೋರಿಸಿದೆ. ಅವರು ಮೊಳ ಹಾಕಿ ಎಣಿಸಿ ನೋಡಿದರು. "ಬುಡದ ಮೊಳ ಬಿಟ್ಟುಬಿಟ್ಟಿದ್ದೆ, ಅಲ್ವಾ?" ಎಂದರು. ಹೌದೆಂದೆ. ಮುಂದಿನ ಬ್ಯಾರನ್ನಿಗೆ ಅವರು ಮೀಟರನ್ನೂ ನೋಡಿದರು, ಬಾಗಿಲು ತೆರೆದು ಕೈಯನ್ನೂ ಒಡ್ಡಿದರು. ಎರಡೂ ಒಪ್ಪಿದ ಮೇಲೆಯೇ ಒಲೆಗೆ ಸೌದೆ ಇಟ್ಟರು. ಆ ಸಲ ಎಲೆ ಹಳದಿಯಾಗಿಯೇ ಇಳಿಯಿತು.

ಕಲಾ ವಿಭಾಗದ ನನ್ನ ಸಹಪಾಠಿಗಳಲ್ಲಿ ನನ್ನದೊಂದು ಅರಿಕೆ. ಲೆಕ್ಕವೆಂದು ಹೆದರಿ ದೂರ ನಿಲ್ಲಬೇಡಿರಿ. ಹಾಗೆಂದು ಲೆಕ್ಕವೊಂದು ಬಂದಕೂಡಲೇ ಅದನ್ನು ಹಿರಿಯರ ಅನುಭವದ ತಲೆಯ ಮೇಲೆ ಕೂರಿಸಲೂ ಬೇಡಿರಿ. ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಅದು ಹುಟ್ಟಿದ ಬಗೆಯನ್ನು ಒಮ್ಮೆ ಬಿಡಿಸಿ ನೋಡಿದ್ದರೆ ನಾನು ಆ ಒಂದನ್ನು ಮರೆಯುತ್ತಿರಲಿಲ್ಲ. ಈ ಬರಹದಲ್ಲಿ ತಪ್ಪುಗಳಿದ್ದರೆ ಬಲ್ಲ ವಿಜ್ಞಾನ ವಿಭಾಗದ ಮಿತ್ರರು ತಿದ್ದಬೇಕಾಗಿ ಬೇಡುತ್ತ ವಿರಮಿಸುತ್ತೇನೆ.